ಪಂಕ್ತಿಯಿಂದ ಎಬ್ಬಿಸುವಂತಿಲ್ಲ

ಹೊಸಪೇಟೆ
೧೪ ಜುಲೈ ೨೦೦೮

ಕನಕ,

ಮೇಲ್ ಬಿಟ್ಟು ಕಾಗದ ಬರೆಯುತ್ತಿದ್ದೇನೆ, ಗಾಬರಿಯಾಗಬೇಡ. ನಿನ್ನ ಆಫೀಸಿನ ಮೇಲನ್ನೆಲ್ಲ ಮ್ಯಾನೇಜರ್ ಮುರುಗೇಶ್ ಸಾಹೇಬರು ಓದುತ್ತಾರೆ ಅಂತ ನೀನೇ ಹೇಳಿದ್ದೆ. ನಾನು ನಿನ್ನನ್ನು ಬೈಯುವುದನ್ನು ಅವರು ಪುಕ್ಕಟೆ ಯಾಕೆ ಓದಬೇಕು? ಸಂಡೂರು ಬಸ್ಸಿನ ಕಂಡಕ್ಟರ್ ಕೊಟ್ರಯ್ಯನ ಕೈಗೆ ಕೊಡುತ್ತಿದ್ದೇನೆ. "ಕನಕರಾಜಣ್ಣನ ಕೈಯಾಗ ಕೊಡ್ತೀನಿ, ಚಿಂತಿ ಬ್ಯಾಡ್ರಿ ಅಕ್ಕಾ" ಅಂದಿದ್ದಾನೆ.

ನಿನ್ನ ಗಣಿ ಕಂಪನಿ ಬರಹ ಕುಗ್ಗಿಸುವ ನಮ್ಮ 'ಗಂಟು' ತಂತ್ರಾಂಶ ಬಳಸುತ್ತದೆ ಎಂದು ಬರೆದಿದ್ದೀಯ. ಬಳಸಲಿ. ಅದನ್ನು ನೆಟ್ಟಿನಲ್ಲಿ ಬಯಲಿಗಿಟ್ಟಿರುವುದೇ ಯಾರಾದರೂ ಬಳಸಲಿ ಅಂತ. ಆದರೆ "ಪದಗಳ ಸಾಲಿನಲ್ಲಿ ಕೆಲವು ಸರಿ ಕಾಣುವುದಿಲ್ಲ, ತೆಗೆದರೆ ಒಳ್ಳೆಯದು" ಎಂದೂ ಬರೆದಿದ್ದೀಯ. ಯಾವುವು ಅಂತ ನೋಡಿದೆ. ಧೂಳ, ಕೆಮ್ಮು, ಬಿರುಕು, ಲಾರಿ. ಲೇ ಕನಕ, ಆ ಪದಗಳನ್ನು ಸಾಲಿಗೆ ಸೇರಿಸಿದ್ದು ಯಾರು? ನನ್ನ ಇಂಟರ್ನೆಟ್ ಸೆಂಟರಿನ ಮೂಲೆಯ ಮಷೀನಿನಲ್ಲಿ, ವಗ್ಗರಣಿ ಮಂಡಕ್ಕಿಯ ಎಣ್ಣೆಗೈಯಲ್ಲೇ ಕೀಬೋರ್ಡ್ ಮುಟ್ಟಿ, ನನ್ನ ಕೈಲಿ ಬೈಸಿಕೊಂಡವನು ಯಾರು?

ಮರೆತಿದ್ದರೆ ನೆನಪಿಸುತ್ತೇನೆ. ಆ ಫಿನ್ಲೆಂಡಿನ ಮಹಾರಾಯನ ಜಾವಾಸ್ಕ್ರಿಪ್ಟ್ ಲೈಬ್ರರಿ ಇಂಗ್ಲಿಷ್ ಬರಹವನ್ನು ಹಿಂಡಿ ಹಿಡಿಯಷ್ಟು ಮಾಡುತ್ತಿತ್ತು. ಕನ್ನಡ ಕೊಟ್ಟರೆ ಇದ್ದದ್ದಕ್ಕಿಂತ ಉಬ್ಬಿಸಿ ವಾಪಸು ಕೊಡುತ್ತಿತ್ತು. ತಿದ್ದಿ ಕಳಿಸಿದೆವು. "ಒಂದು ಭಾಷೆಗಾಗಿ ನನ್ನ ಲೈಬ್ರರಿ ಭಾರ ಮಾಡಲಾರೆ, ಬೇಕಾದರೆ ಪ್ರತಿ ಮಾಡಿಕೊಂಡು ನಿಮ್ಮ ದಾರಿ ನೋಡಿಕೊಳ್ಳಿ" ಅಂದ. ನೋಡಿಕೊಂಡೆವು. ಕಂಪ್ಲಿ ಕಾಲುವೆಯಿಂದ ಗದ್ದೆಗೆ ಕವಲು ತೆಗೆದ ಹಾಗೆ ಫೋರ್ಕ್ ಮಾಡಿ, ನಮ್ಮ ಜನ ಹೆಚ್ಚಾಗಿ ಆಡುವ ಮಾತುಗಳನ್ನು ಸಾಲಾಗಿ ಕೂರಿಸಿ, ಒಂದೊಂದಕ್ಕೂ ಒಂದು ನಂಬರು ಕೊಟ್ಟೆವು. ಪದದ ಬದಲು ನಂಬರು ಹೋಗುತ್ತದೆ, ಆ ಕಡೆ ನಂಬರು ನೋಡಿ ಪದ ಬರುತ್ತದೆ. ನಿಮ್ಮೂರು ಚೋರನೂರಿನ ಫೋನ್ ಲೈನು ಕಟ್ಟಾಗುವುದರೊಳಗೆ ಊರಿನ ಅರ್ಜಿ ಹೊಸಪೇಟೆ ಮುಟ್ಟಲಿ ಅಂತ ಇಷ್ಟು ಒದ್ದಾಟ.

ಮತ್ತೆ ಮೊದಲ ದಿನವೇ ನಿಯಮ ಮಾಡಿದ್ದೆವು. ಕಂಪ್ಲಿಯ ನಮ್ಮ ಅಕ್ಕಿ ಮಿಲ್ಲಿನ ದಾಸೋಹದಲ್ಲಿ ಅಪ್ಪ ಹೇಳುತ್ತಾರಲ್ಲ, ಎಲೆ ಮುಂದೆ ಕೂತವರನ್ನು ಪಂಕ್ತಿಯಿಂದ ಎಬ್ಬಿಸಬಾರದು, ತಡವಾಗಿ ಬಂದವರು ಕೊನೆಗೆ ಕೂತುಕೊಳ್ಳಬೇಕು ಅಂತ. ಅದೇ ನಿಯಮ. ನಡುವಿನ ಒಂದು ಪದ ಎದ್ದರೂ ಹೀಗೆ ಕಟ್ಟಿಟ್ಟ ಹಳೆಯ ಗಂಟುಗಳೆಲ್ಲ ತಪ್ಪಾಗಿ ಬಿಚ್ಚಿಕೊಳ್ಳುತ್ತವೆ. ಹೊಸ ಪದ ಬೇಕಾದರೆ ಕೊನೆಗೆ ಸೇರಿಸು. ಇದನ್ನು ಕೋಡಿನ ನೆತ್ತಿಯ ಮೇಲೆ ಬರೆದವನೂ ನೀನೇ.

ನಿಮ್ಮ ಸಾಹೇಬರಿಗೆ ಹೇಳು: ಧೂಳ ಬೇಡವಾದರೆ ಗುಡ್ಡ ಅಗೆಯುವುದು ನಿಲ್ಲಿಸಲಿ. ನನ್ನ ಸಾಲಿನಿಂದ ಅದು ಏಳುವುದಿಲ್ಲ.

ಸಿಟ್ಟು ಇಳಿಯದ,
ಗಂಗಾಂಬಿಕಾ


ಸಂಡೂರು
೩ ಆಗಸ್ಟ್ ೨೦೦೮

ಗಂಗಾಂಬಿಕಾ ಅವರಿಗೆ,

ನಿಮ್ಮ ಪತ್ರ ತಲುಪಿತು.

ನೀವು ಆಫೀಸನ್ನು ತಪ್ಪು ತಿಳಿದಿದ್ದೀರಿ. ಕಂಪನಿ ಸುತ್ತಲಿನ ಹಳ್ಳಿಗಳಲ್ಲಿ ಮಾಹಿತಿ ಕೇಂದ್ರ ತೆರೆಯುತ್ತಿದೆ. ನಮ್ಮ ಚೋರನೂರಿನಲ್ಲೇ ಮೊದಲನೆಯದು. ಕಂಪ್ಯೂಟರು, ಬ್ಯಾಟರಿ, ಪ್ರಿಂಟರು, ಎಲ್ಲ ಅವರದೇ. ಫೋನ್ ಲೈನು ಕೆಟ್ಟಾಗಲೆಲ್ಲ ಜನ ಅರ್ಜಿ ಕೊಡಲು ನಿಮ್ಮ ಸೆಂಟರಿನ ತನಕ ಬಸ್ಸಿನಲ್ಲಿ ಜೋತಾಡಿಕೊಂಡು ಬರಬೇಕಿಲ್ಲ. ಇದಕ್ಕೆಲ್ಲ ನಾಲ್ಕು ಪದ ಅಡ್ಡ ಬರಬೇಕೇ? ಹಂಪಿಗೆ ಬಂದ ಫಾರಿನ್ ಮಂದಿಗೆ ರೈಲು ಟಿಕೆಟ್ ತೆಗೆದುಕೊಟ್ಟು ನೀವು ಎಷ್ಟು ದಿನ ಗಂಟನ್ನು ಸಾಕುತ್ತೀರಿ? ಹೊಸ ಬ್ರೌಸರ್ ಬಂದಾಗಲೆಲ್ಲ ಒಂದು ಕಡೆ ಮುರಿಯುತ್ತದೆ, ನೀವೊಬ್ಬರೇ ಕೂತು ಕಟ್ಟುತ್ತೀರಿ. ಇಲ್ಲಿ ಅದಕ್ಕೊಂದು ನೆಲೆ ಸಿಗುತ್ತದೆ.

ಇನ್ನು ಪಂಕ್ತಿಯ ಮಾತು. ಅದನ್ನು ನೀವು ಹೇಳಿದಾಗಲೆಲ್ಲ ನಾನು ನಕ್ಕು ಸುಮ್ಮನಾಗಿದ್ದೇನೆ. ಈಗ ಬರೆಯುತ್ತೇನೆ. ನಮ್ಮಪ್ಪ ಉಚ್ಚೆಂಗಪ್ಪ ನಿಮ್ಮ ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದ ಕಾಲ. ಹೊಸ ಬಾಯ್ಲರಿನ ಪೂಜೆಯ ದಿನ ದಾಸೋಹವಿತ್ತು. ಯಾರೋ ಕೈ ತೋರಿಸಿದರು ಅಂತ ಅಪ್ಪ ಕೂತ, ನಾನು ಪಕ್ಕದಲ್ಲಿ ಕೂತೆ. ಅನ್ನ ಬಡಿಸಿಯಾಗಿತ್ತು. ನಿಮ್ಮ ದೊಡ್ಡಪ್ಪ ಬಂದು "ಏ, ಇದು ಮನಿಯವರ ಪಂಕ್ತಿ, ಏಳು ಮ್ಯಾಲೆ" ಅಂದರು. ಅಪ್ಪ ಎಲೆ ಮಡಿಚಿ ಕೈಯಲ್ಲಿ ಹಿಡಿದುಕೊಂಡು ಎದ್ದ. ಸಾರು ಸೋರುತ್ತಿತ್ತು. ಆಮೇಲೆ ಅಲ್ಲಿ ಕೆಲಸಕ್ಕೆ ಹೋಗಲಿಲ್ಲ.

ನಿಮ್ಮ ನಿಯಮ ಒಳ್ಳೆಯದೇ. ನಿಮ್ಮ ಮನೆಯಲ್ಲಿ ಅದು ಪದಗಳಿಗಷ್ಟೇ ಇತ್ತು. ಇಲ್ಲಿ ನನಗೊಂದು ಕುರ್ಚಿ ಕೊಟ್ಟಿದ್ದಾರೆ, ಬಾಗಿಲ ಮೇಲೆ ಹೆಸರು ಹಾಕಿದ್ದಾರೆ. ಏಳು ಅನ್ನಿಸಿಕೊಳ್ಳಲು ನನಗೆ ಮನಸ್ಸಿಲ್ಲ.

ವಂದನೆಗಳೊಂದಿಗೆ,
ಎನ್. ಕನಕರಾಜ್


ಕಂಪ್ಲಿ
೨೪ ಆಗಸ್ಟ್ ೨೦೦೮

ಕನಕ,

'ಅವರಿಗೆ' ಅಂತೆ, 'ವಂದನೆಗಳು' ಅಂತೆ. ಬರೆದುಕೋ. ನಾನು ಮಾತ್ರ ನೀನು ಎಂದೇ ಬರೆಯುವವಳು.

ಕಾಗದ ಓದಿ ಸೆಂಟರಿಗೆ ಬೀಗ ಹಾಕಿದೆ. ಆಮೇಲೆ ಕಂಪ್ಲಿಗೆ ಬಂದು ಅಪ್ಪನನ್ನು ಕೇಳಿದೆ. ಅಪ್ಪ ಲೆಕ್ಕದ ಮೇಜಿನ ಹಿಂದೆ ಕೂತು, ಮುಂಗೈಯ ಮೇಲೆ ಅಕ್ಕಿಕಾಳು ಹರವಿಕೊಂಡು ನುಚ್ಚು ಎಷ್ಟಿದೆ ಅಂತ ನೋಡುತ್ತಿದ್ದರು.

"ಅಪ್ಪಾಜಿ, ಉಚ್ಚೆಂಗಪ್ಪನ್ನ ಪಂಕ್ತಿಯಿಂದ ಎಬ್ಬಿಸಿದ್ದು ಖರೇನ?"

"ಯಾವಾಗಿಂದ್ದೋ ಮಾತು ಈಗ್ಯಾಕ? ಅಣ್ಣಗ ಸಿಟ್ಟು ಜಾಸ್ತಿ ಇತ್ತು."

"ನೀವು ಅಲ್ಲೇ ಇದ್ರೇನು?"

"ಬಡಸಾಕ ನಿಂತಿದ್ದೆ."

"ಏನಂದ್ರಿ?"

"ಏನನ್ಲಿ? ಸಾರಿನ ಬಕೀಟು ಕೈಯಾಗಿತ್ತು."

ಅಷ್ಟೇ. ಸಾರಿನ ಬಕೀಟು ಕೈಯಲ್ಲಿದ್ದರೆ ಬಾಯಿಗೇನಾಗಿತ್ತು ಅಂತ ಕೇಳಿದೆ. ಅಪ್ಪ ಎದ್ದು ಒಳಗೆ ಹೋದರು. ಅವ್ವ ನನ್ನನ್ನೇ ಬೈದಳು. ಶ್ರಾವಣ ಸೋಮವಾರದ ದಾಸೋಹದಲ್ಲಿ ಮನೆಯವರ ಪಂಕ್ತಿ ಬಿಟ್ಟು, ಭತ್ತ ಒಣಹಾಕುವ ಕಣದಲ್ಲಿ ಹಮಾಲರ ಜೊತೆ ಕೂತು ಉಂಡೆ. ಅವರೊಳಗಿನ ಜಂಬಕ್ಕ ಪಕ್ಕಕ್ಕೆ ಸರಿದು "ಕುಂದ್ರವ್ವ, ಇಲ್ಲಿ ಬಿಸಿ ಬರಂಗಿಲ್ಲ ಮತ್ತ" ಅಂದಳು. ಖರೆ, ಅನ್ನ ಆರಿತ್ತು. ಇದರಿಂದ ನಿಮ್ಮಪ್ಪನಿಗೆ ಏನೂ ಆಗುವುದಿಲ್ಲ, ನನಗೆ ಗೊತ್ತು. ಆದರೂ ಆ ಪಂಕ್ತಿಯಲ್ಲಿ ನಾನಿನ್ನು ಕೂರುವುದಿಲ್ಲ.

ನಾಚಿಕೆಯಾಗಿದೆ ಕನಕ, ಬಾಯಿಬಿಟ್ಟೇ ಹೇಳುತ್ತೇನೆ. ಹಾಗಂತ ಗಂಟಿನ ವಿಷಯದಲ್ಲಿ ಬಗ್ಗುತ್ತೇನೆ ಅಂದುಕೊಳ್ಳಬೇಡ. ನಿಮ್ಮಪ್ಪನನ್ನು ಎಬ್ಬಿಸಿದ್ದು ತಪ್ಪಾದರೆ ನಿಮ್ಮವ್ವನ ಮಾತನ್ನು ಎಬ್ಬಿಸುವುದು ಹೇಗೆ ಸರಿ? ಧೂಳ ಅನ್ನುವ ಪದ ಸಾಲಿಗೆ ಬಂದದ್ದು ನಿಮ್ಮವ್ವ ಸುಂಕಮ್ಮನ ಅರ್ಜಿಯಿಂದ. ಅವಳು ಹೇಳುತ್ತಾ ಹೋದಳು, ನೀನು ಬೆರಳಚ್ಚು ಮಾಡುತ್ತಾ ಹೋದೆ. ಎಷ್ಟು ಸಲ ಆ ಮಾತು ಬಂತೆಂದರೆ, "ಇದೊಂದನ್ನ ಸಾಲಿನಾಗ ಕುಂದ್ರಿಸಿದ್ರ ಅರ್ಜಿ ಅರ್ಧ ಆಕ್ಕೈತಿ" ಅಂತ ನೀನೇ ನಕ್ಕಿದ್ದೆ.

ನಿಮ್ಮ ಮನೆಯವರ ಕಡೆಯೇ ನಿಂತಿರುವ,
ಗಂಗಾ


ಸಂಡೂರು
೨೦ ಅಕ್ಟೋಬರ್ ೨೦೦೮

ಗಂಗಾಂಬಿಕಾ ಅವರಿಗೆ,

ತಿಳಿಸುವುದು ನನ್ನ ಕರ್ತವ್ಯ. ಗಂಟಿನ ಪ್ರತಿ ಮಾಡಿಕೊಂಡು ಕಂಪನಿಗಾಗಿ ಬೇರೆ ಕವಲು ತೆಗೆದಿದ್ದೇನೆ. ನಿಮ್ಮದು ನಿಮ್ಮಲ್ಲೇ ಇರುತ್ತದೆ, ಅದನ್ನು ಮುಟ್ಟಿಲ್ಲ. ಗಂಟನ್ನು ನೋಡಿಕೊಳ್ಳುವ ನಿರ್ವಾಹಕರ ಹೆಸರಿನ ಸಾಲನ್ನು ಸಾಹೇಬರು ತೆಗೆಸಿದ್ದಾರೆ. ನಿಮ್ಮದೂ ಹೋಗಿದೆ, ನನ್ನದೂ ಹೋಗಿದೆ.

ನಿಮ್ಮ ನಿಯಮವನ್ನು ಮುರಿದಿಲ್ಲ ಎಂಬುದನ್ನು ಗಮನಿಸಿ. ಯಾವ ಪದವನ್ನೂ ತೆಗೆದು ಸಾಲನ್ನು ಜರುಗಿಸಿಲ್ಲ. ನಂಬರುಗಳೆಲ್ಲ ಅಲ್ಲಲ್ಲೇ ಇವೆ. ಆ ನಾಲ್ಕು ಪದಗಳ ಜಾಗದಲ್ಲಿ ಬೇರೆ ನಾಲ್ಕನ್ನು ಕೂರಿಸಿದ್ದೇನೆ. ಧೂಳ ಇದ್ದ ಜಾಗದಲ್ಲಿ 'ಅಭಿವೃದ್ಧಿ' ಇದೆ. ಕಂಪನಿಯ ಕರಪತ್ರಗಳಲ್ಲಿ ಅದು ಸಾಲಿಗೊಮ್ಮೆ ಬರುವುದರಿಂದ ಬರಹ ಚೆನ್ನಾಗಿ ಕುಗ್ಗುತ್ತಿದೆ. ಜನ ಧೂಳ ಅಂತ ಬರೆಯಬಾರದು ಎಂದೇನಿಲ್ಲ; ಬರೆದರೆ ಅಕ್ಷರ ಅಕ್ಷರವಾಗಿ ಹೋಗುತ್ತದೆ, ಸ್ವಲ್ಪ ಜಾಗ ಹೆಚ್ಚು ತಿನ್ನುತ್ತದೆ, ಅಷ್ಟೇ.

ಕೇಂದ್ರ ಮುಂದಿನ ತಿಂಗಳು ತೆರೆಯುತ್ತದೆ; ಊರಿನ ಹಳೆಯ ಅರ್ಜಿಗಳ ಪ್ರತಿಗಳೂ ಅಲ್ಲಿರುತ್ತವೆ. ಬರುವುದಾದರೆ ಬನ್ನಿ.

ಕನಕರಾಜ್


ಹೊಸಪೇಟೆ
೨೩ ಅಕ್ಟೋಬರ್ ೨೦೦೮

ಲೇ ಕನಕ,

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಮಾಡಿದ್ದೀಯ. ನಿಮ್ಮಪ್ಪನನ್ನು ಎಬ್ಬಿಸಿ ಅದೇ ಎಲೆಯ ಮುಂದೆ ಇನ್ನೊಬ್ಬನನ್ನು ಕೂರಿಸಿ, "ನೋಡ್ರಿ, ಪಂಕ್ತಿ ಹಂಗ ಐತಿ" ಅಂದಿದ್ದರೆ ನಿನಗೆ ಸಮಾಧಾನವಾಗುತ್ತಿತ್ತೇ?

ಪದ ತೆಗೆದು ಸಾಲು ಜರುಗಿದ್ದರೆ ಹಳೆಯ ಗಂಟು ಬಿಚ್ಚಿದಾಗ ಕಲಸುಮೇಲೋಗರ ಬರುತ್ತಿತ್ತು, ಓದಿದವರಿಗೆ ಏನೋ ಕೆಟ್ಟಿದೆ ಅಂತಾದರೂ ತಿಳಿಯುತ್ತಿತ್ತು. ಈಗ ಕೆಟ್ಟಿದ್ದೂ ಗೊತ್ತಾಗುವುದಿಲ್ಲ. ಜನರು ಹಿಂದೆ ಕೊಟ್ಟ ಅರ್ಜಿಗಳನ್ನು ನಿಮ್ಮ ಕೇಂದ್ರದಲ್ಲಿ ಬಿಚ್ಚಬೇಡ. ಕೈ ಮುಗಿದು ಹೇಳುತ್ತಿಲ್ಲ, ಬೆರಳು ತೋರಿಸಿ ಹೇಳುತ್ತಿದ್ದೇನೆ.

ಹೆಸರು ಅಳಿಸುವಂತಿಲ್ಲ ಅಂತ ಲೈಸೆನ್ಸಿನಲ್ಲಿದೆ. ನಿಮ್ಮ ಸಾಹೇಬರಿಗೆ ಅದನ್ನು ಬೇರೆ ಕಾಗದದಲ್ಲಿ ಬರೆದು ರಿಜಿಸ್ಟರ್ ಪೋಸ್ಟ್ ಮಾಡಿದ್ದೇನೆ. ಕವಲು ತೆಗೆಯುವುದು ನಿನ್ನ ಹಕ್ಕು, ಅದಕ್ಕೆ ನನ್ನ ತಕರಾರಿಲ್ಲ, ನಾವೇ ತೆಗೆದವರು. ಆದರೆ ನೀರು ಎಲ್ಲಿಂದ ಬಂತು ಅಂತ ಹೇಳಬೇಕು.

ತೆರೆಯುವ ದಿನ ನಾನು ಬರುವುದಿಲ್ಲ. ನಿನ್ನ ಕುರ್ಚಿ ಗಟ್ಟಿಯಾಗಿರಲಿ.

ಗಂಗಾಂಬಿಕಾ


ಚೋರನೂರು
೧೯ ಜನವರಿ ೨೦೦೯

ಗಂಗಾ,

ಮೂರು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಶುಕ್ರವಾರ ನಮ್ಮೂರ ಶಾಲೆಯ ಅಂಗಳದಲ್ಲಿ ಅಹವಾಲು ಸಭೆ ಇತ್ತು. ಗುಡ್ಡದ ಈ ಮಗ್ಗುಲನ್ನೂ ಅಗೆಯಬಹುದೇ ಅಂತ ಜನರನ್ನು ಕೇಳಲು ಅಧಿಕಾರಿಗಳು ಬಂದಿದ್ದರು. ಮುರುಗೇಶ್ ಸಾಹೇಬರು ಎದ್ದು, "ಈ ಊರಿನ ಹಳೆಯ ಅರ್ಜಿಗಳೆಲ್ಲ ನಮ್ಮ ಕೇಂದ್ರದಲ್ಲಿ ಸುರಕ್ಷಿತವಾಗಿವೆ, ನಾವೇನೂ ಮುಚ್ಚಿಡುವುದಿಲ್ಲ" ಅಂದು ಪ್ರಿಂಟು ಮಾಡಿಸಿದ ಹಾಳೆಗಳನ್ನು ಕೊಟ್ಟರು. ಅವರು ತಿಳಿದು ಮಾಡಲಿಲ್ಲ, ಅದನ್ನು ಹೇಳಲೇಬೇಕು. ಹಾಳೆಗಳನ್ನು ಅವರು ಓದಿರಲೇ ಇಲ್ಲ. ಬೆಳಿಗ್ಗೆ ಅವನ್ನು ಬಿಚ್ಚಿದ ಆಪರೇಟರು ಯಾವ ಗಂಟು ಹಳೆಯದು, ಯಾವುದು ಹೊಸದು ಅಂತ ನನ್ನನ್ನು ಕೇಳಲಿಲ್ಲ, ನಾನೂ ಅವನಿಗೆ ಹೇಳಿರಲಿಲ್ಲ. ನಿನ್ನ ಕಾಗದ ನನ್ನ ಡ್ರಾಯರಿನಲ್ಲೇ ಇತ್ತು.

ಗುಮಾಸ್ತರು ಮೈಕಿನಲ್ಲಿ ಮೊದಲು ಓದಿದ್ದು ಅವ್ವನ ಅರ್ಜಿ.

"ಸುಂಕಮ್ಮ, ಗಂಡ ಉಚ್ಚೆಂಗಪ್ಪ. ಸ್ವಾಮೇರ, ನಮ್ಮ ಜ್ವಾಳದ ಮ್ಯಾಲ ಅಭಿವೃದ್ಧಿ ಕುಂತೈತಿ. ಬಾವ್ಯಾಗ ಅಭಿವೃದ್ಧಿ ಬಿದ್ದು ನೀರು ಕೆಂಪಗ ಆಗೈತಿ. ದನ ಅಭಿವೃದ್ಧಿ ಹತ್ತಿದ ಮೇವು ಮೂಸಂಗಿಲ್ಲ. ಮೊಮ್ಮಗಳ ಎದಿಯಾಗ ಅಭಿವೃದ್ಧಿ ತುಂಬೈತಿ..."

ಜನ ಮೊದಲು ನಕ್ಕರು. ಹಿಂದೆ ಕೂತ ಹುಡುಗರು ಸಿಳ್ಳು ಹಾಕಿದರು. ಯಾಕೆ ನಗುತ್ತಾರೆಂದು ತಿಳಿಯದೆ ಗುಮಾಸ್ತರು ಇನ್ನೂ ಜೋರಾಗಿ ಓದಿದರು. ಮೊಮ್ಮಗಳ ಸಾಲಿಗೆ ಬರುವಷ್ಟರಲ್ಲಿ ನಗು ನಿಂತಿತ್ತು. ನಮ್ಮ ಅಕ್ಕನ ಮಗಳು ನಿನಗೆ ಗೊತ್ತಲ್ಲ, ಇನ್ಹೇಲರ್ ಹಿಡಿದುಕೊಂಡು ಅವ್ವನ ಪಕ್ಕದಲ್ಲೇ ಕೂತಿದ್ದಳು.

ಅವ್ವ ಎದ್ದಳು. "ತಡೀರಿ ಸ್ವಾಮಿ, ಅದು ನನ್ನ ಮಾತಲ್ಲ."

"ನಿಮ್ಮ ಹೆಸರೇ ಐತಲ್ಲಮ್ಮ," ಅಂದರು ಗುಮಾಸ್ತರು.

"ಹೆಸರು ನಂದು, ಮಾತು ನಂದಲ್ರಿ. ನಾ ಧೂಳ ಅಂದಿದ್ದೆ. ಧೂಳ ಅನ್ನಾಕ ನನಗ ಬಾಯಿಲ್ಲೇನು? ನನ್ನ ಮಾತು ತಗದು ಅಲ್ಲಿ ಇದನ್ನ ಇಟ್ಟೋರು ಯಾರು?"

ಸಾಹೇಬರು ನನ್ನ ಕಡೆ ತಿರುಗಿ, ಮಷೀನಿನ ತಪ್ಪು ಅಂತ ಹೇಳು ಎಂಬಂತೆ ಕಣ್ಣು ಮಾಡಿದರು. ಹೇಳಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ, ನಿನ್ನೊಬ್ಬಳನ್ನು ಬಿಟ್ಟು. ನನಗೆ ಅಪ್ಪ ಕಂಡ. ಅರಳಿಕಟ್ಟೆಯ ಹತ್ತಿರ ಟವೆಲ್ಲು ಹೆಗಲಿಗೆ ಹಾಕಿಕೊಂಡು ನಿಂತೇ ಇದ್ದ. ಅಪ್ಪ ಎಲ್ಲೂ ಕೂರುವುದಿಲ್ಲ ಗಂಗಾ, ಖಾಲಿ ಕುರ್ಚಿ ಇದ್ದರೂ.

"ನಾನ ತಗದೀನಿ ಅವ್ವ," ಅಂದೆ.

ಅವ್ವ ಮೈಕಿನ ಕಡೆ ಕೈ ತೋರಿಸಿದಳು. "ತಿರುಗಿ ಇಡು ಹಂಗಾರ," ಅಂದಳು. "ಈಗ. ಎಲ್ಲಾರ ಮುಂದ."

ಮೈಕಿನ ಮುಂದೆ ನಿಂತು ಅರ್ಜಿಯನ್ನು ಮೊದಲಿಂದ ಓದಿದೆ, ಅಭಿವೃದ್ಧಿ ಬಂದಲ್ಲೆಲ್ಲ ಧೂಳ ಅಂತ. ಸ್ವಲ್ಪ ಹೊತ್ತಿಗೆ ಜನ ನನಗಿಂತ ಮೊದಲೇ ಹೇಳತೊಡಗಿದರು. "ಬಾವ್ಯಾಗ" ಅನ್ನುತ್ತಿದ್ದೆ, ಅಂಗಳವೆಲ್ಲ "ಧೂಳ" ಅನ್ನುತ್ತಿತ್ತು. ಮಿಕ್ಕ ಅರ್ಜಿಗಳನ್ನೂ ಹಾಗೆಯೇ ಓದಿಸಿದರು. ಅಧಿಕಾರಿಗಳು ಎಲ್ಲವನ್ನೂ ಬರೆದುಕೊಂಡು ಹೋಗಿದ್ದಾರೆ. ಗುಡ್ಡ ಉಳಿಯುತ್ತದೆ ಅಂತ ನಾನು ಹೇಳಲಾರೆ. ಊರು ಏನು ಹೇಳಿತೋ ಅದೇ ಬರಹಕ್ಕೆ ಬಂದಿದೆ, ಅಷ್ಟು ಹೇಳಬಲ್ಲೆ.

ಶನಿವಾರ ಆಫೀಸಿಗೆ ಹೋಗಿ ಕಂಪನಿಯ ಕವಲಿನಲ್ಲಿ ನಾಲ್ಕು ಪದಗಳನ್ನೂ ಅವವುಗಳ ಜಾಗಕ್ಕೆ ತಂದೆ. ಅಭಿವೃದ್ಧಿಯನ್ನು ಬಿಸಾಡಲಿಲ್ಲ, ತಡವಾಗಿ ಬಂದದ್ದು, ಕೊನೆಗೆ ಕೂರಿಸಿದೆ. ನಡುವಿನ ತಿಂಗಳುಗಳಲ್ಲಿ ಕಟ್ಟಿದ ಗಂಟುಗಳಿಗೆ ಗುರುತು ಹಾಕಿ, ಅವು ಮಾತ್ರ ಆ ತಪ್ಪು ಸಾಲಿನಲ್ಲೇ ಬಿಚ್ಚಿಕೊಳ್ಳುವ ಹಾಗೆ ಮಾಡಿದೆ. ಅವರ ಮಾತೂ ಕೆಡಬಾರದಲ್ಲ. ನಿನ್ನ ಹೆಸರು ವಾಪಸು ಬಂದಿದೆ. ಇಷ್ಟು ಮಾಡಿ ಸಾಹೇಬರಿಗೆ ಹೇಳಿದೆ. "ಬಾಗಿಲ ಮೇಲಿನ ಬೋರ್ಡು ಬಿಚ್ಚಿಕೊಂಡು ಹೋಗು" ಅಂದರು. ಸ್ಕ್ರೂಡ್ರೈವರ್ ತರಿಸಿಕೊಂಡು ನಾನೇ ಬಿಚ್ಚಿದೆ. ಅವ್ವ ಅದನ್ನು ಹಿತ್ತಲ ಕೋಳಿಗೂಡಿನ ಬಾಗಿಲಿಗೆ ಹೊಡೆದಿದ್ದಾಳೆ. ಕೋಳಿಗಳು ಈಗ ಎನ್. ಕನಕರಾಜ್, ಸಿಸ್ಟಮ್ಸ್ ವಿಭಾಗ.

ಒಂದು ಕೇಳುತ್ತೇನೆ. ನಿನ್ನ ಗಂಟಿನಲ್ಲಿ ನಿರ್ವಾಹಕರ ಸಾಲಿನಲ್ಲಿ ಮೊದಲು ನಿನ್ನ ಹೆಸರು, ಆಮೇಲೆ ನನ್ನದು ಇತ್ತು. ಈಚೆಗೆ ದರೋಜಿಯ ಈಶ್ವರ್, ಕುರೆಕುಪ್ಪದ ಪಂಪಾವತಿ ಸೇರಿದ್ದಾರೆ ಅಂತ ಕೇಳಿದೆ. ನನ್ನನ್ನು ಮತ್ತೆ ಸೇರಿಸಿಕೊಳ್ಳುವೆಯಾದರೆ ಅವರೆಲ್ಲರ ಕೊನೆಗೆ ಸೇರಿಸು. ತಡವಾಗಿ ಬಂದವನು ನಾನು, ನಿಯಮ ನಿಯಮವೇ.

ಇಲ್ಲ ಅಂದರೂ ಬೇಜಾರಿಲ್ಲ.

ಕನಕ


ಹೊಸಪೇಟೆ
೨೨ ಜನವರಿ ೨೦೦೯

ಕನಕ,

ಸಭೆಯ ಸುದ್ದಿ ನಿನ್ನ ಕಾಗದಕ್ಕಿಂತ ಮೊದಲೇ ಬಂದಿತ್ತು. ಕೊಟ್ರಯ್ಯ ಬಸ್ಸಿನಲ್ಲಿ ಟಿಕೆಟ್ ಹರಿಯುವುದು ಬಿಟ್ಟು ಅದನ್ನೇ ಹೇಳುತ್ತಾ ಬಂದನಂತೆ, ನನಗೂ ಹೇಳಿದ. "ಸುಂಕಮ್ಮ ಎದ್ದು ನಿಂತ್ಲು ನೋಡ್ರಿ ಅಕ್ಕಾ, ಮೈಕು ಬ್ಯಾಡಾತು." ನಮ್ಮ ಅಪ್ಪಾಜಿಗೂ ಯಾರೋ ಹೇಳಿದ್ದಾರೆ. ನಿನ್ನೆ ಫೋನ್ ಮಾಡಿ, "ಉಚ್ಚೆಂಗಪ್ಪ ಹೆಂಗದಾನ?" ಅಂದರು. ನೀವೇ ಹೋಗಿ ಕೇಳ್ರಿ, ಬಸ್ಸು ಅಲ್ಲಿಗೂ ಹೋಗತೈತಿ ಅಂದೆ. ಹೋಗುತ್ತಾರೋ ಇಲ್ಲವೋ ಗೊತ್ತಿಲ್ಲ. ಬಂದರೆ ನಿಮ್ಮಪ್ಪನಿಗೆ ಮಾತಾಡಬೇಕು ಅನ್ನಿಸಿದರೆ ಮಾತ್ರ ಮಾತಾಡಲಿ.

ಇಲ್ಲಿ ಕೆಲಸ ರಾಶಿ ಬಿದ್ದಿದೆ. ಎಕ್ಸ್‌ಪ್ಲೋರರಿನಲ್ಲಿ ಉದ್ದದ ಅರ್ಜಿ ಬಿಚ್ಚುವಾಗ ಮಷೀನು ನಿಂತೇಬಿಡುತ್ತದೆ. ಫಿನ್ಲೆಂಡಿನವನು ಹೊಸ ಆವೃತ್ತಿ ಬಿಟ್ಟಿದ್ದಾನೆ, ಅದರಲ್ಲಿ ಒಳ್ಳೆಯದನ್ನು ಆರಿಸಿ ತರಬೇಕು. ಈಶ್ವರ್ ಬುದ್ಧಿವಂತ, ಆದರೆ ಒಂದು ಸಾಲಿಗೂ ವಿವರಣೆ ಬರೆಯುವುದಿಲ್ಲ. ಪಂಪಾವತಿ ನನಗಿಂತ ಜಗಳಗಂಟಿ, ಹಾಗಾಗಿ ನೆಮ್ಮದಿ. ಸೋಮವಾರ ಬಾ. ಮಂಡಕ್ಕಿ ತಿಂದು ಕೈ ತೊಳೆದುಕೊಂಡು ಬಾ.

ನಿನ್ನ ಹೆಸರನ್ನು ಕೊನೆಗೆ ಸೇರಿಸು ಅಂದಿದ್ದೀಯ. ಸೇರಿಸುವುದಿಲ್ಲ.

ನಿಯಮ ಓದಲು ಬರುವುದಿಲ್ಲವೇ ನಿನಗೆ? ನಿನ್ನ ಕಂಪನಿಯವರು ಅವರ ಕವಲಿನಲ್ಲಿ ನಿನ್ನ ಹೆಸರು ಅಳಿಸಿದರು. ನಾನು ಅಳಿಸಿರಲಿಲ್ಲ. ಅಷ್ಟು ಸಿಟ್ಟಿದ್ದಾಗಲೂ, ಪಂಪಾವತಿ "ಈ ಮನುಷ್ಯ ಯಾರ್ರಿ, ತಗದು ಒಗೀರಿ" ಅಂದಾಗಲೂ ಮುಟ್ಟಲಿಲ್ಲ. ಈಶ್ವರನೂ ಪಂಪಾವತಿಯೂ ನಿನ್ನ ಕೆಳಗೆ ಕೂತರು. ನೆಟ್ಟಿಗೆ ಹೋಗಿ ನೋಡು. ಮೊದಲು ನಾನು, ನನ್ನ ಪಕ್ಕದಲ್ಲಿ ನೀನು, ಇದ್ದ ಹಾಗೇ.

ನಮ್ಮ ಮನೆಯಲ್ಲಿ ನಿಮ್ಮಪ್ಪನನ್ನು ಎಬ್ಬಿಸಿದರು. ನನ್ನ ಪಂಕ್ತಿಯಲ್ಲಿ ಯಾರನ್ನೂ ಎಬ್ಬಿಸುವುದಿಲ್ಲ. ನಿನ್ನ ಎಲೆ ಹಾಕಿದಲ್ಲೇ ಇದೆ, ಬಂದು ಕೂತ್ಕೋ.

ಗಂಗಾ